ಮಗುವನ್ನು ಕ್ರಿಶ್ಚಿಯನ್ ಕಾಲೇಜಿಗೆ ಕಳಿಸಬಹುದಾ? – ಮುಂಬಯಿಯ ಒಂದು ಹಳೆಯ ಪ್ರಶ್ನೆ

ವಿಡಿಯೊದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಒಪ್ಪ ಮಾಡಿ ಬರೆದಿದ್ದೇನೆ. ಮಾತಿನ ಭರದಲ್ಲಿ ಬಿಟ್ಟುಹೋದ ಒಂದೆರಡು ಇಸವಿಗಳನ್ನೂ ಸೇರಿಸಿದ್ದೇನೆ.

ಹತ್ತನೇ ಕ್ಲಾಸಿನ ರಿಸಲ್ಟ್ ಬಂದ ಮೇಲೆ ನಮ್ಮ ಕಡೆಯ ಮನೆಗಳಲ್ಲಿ ಏನಾಗುತ್ತೆ ಅಂತ ನಿಮಗೆ ಗೊತ್ತು. ಡೊಂಬಿವಲಿಯಲ್ಲಿ ನಮ್ಮ ಅಕ್ಕನ ಮನೆಯಲ್ಲೂ ಅದೇ ಆಯ್ತು. ಹುಡುಗಿಗೆ ಹದಿನಾರು. ಆರ್ಟ್ಸ್ ತಗೋತೀನಿ, ಇತಿಹಾಸ ಓದ್ತೀನಿ ಅಂದಳು. ಕಾಲೇಜು ಯಾವುದು ಅಂದ್ರೆ ಸೇಂಟ್ ಕ್ಸೇವಿಯರ್ಸ್ ಅಂದಳು. ಭಾವ ಐರೋಲಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್. ಆರ್ಟ್ಸ್ ಅಂದದ್ದಕ್ಕೆ ಮುಖ ಸಣ್ಣಗಾಯ್ತು, ಕ್ಸೇವಿಯರ್ಸ್ ಅಂದದ್ದಕ್ಕೆ ಮತ್ತೆ ಅರಳಿತು. 'ಫಾದರ್‌ಗಳ ಕಾಲೇಜಾ? ಡಿಸಿಪ್ಲಿನ್ ಇರುತ್ತೆ, ಇಂಗ್ಲಿಷ್ ಚೆನ್ನಾಗಾಗುತ್ತೆ.' ಊರಿಂದ ಬಂದಿದ್ದ ನನ್ನ ಅಮ್ಮ ಮಾತ್ರ ಒಂದೇ ಮಾತು ಹೇಳಿದಳು: 'ಅಲ್ಲಿ ಸೇರಿಸಿದ್ರೆ ನಾಳೆ ಮಗು ನಮ್ಮದಾಗಿ ಉಳಿಯಲ್ಲ.'

ಮೊದಲು ನಾನೂ ನಕ್ಕುಬಿಟ್ಟೆ. ಆಮೇಲೆ ನಾಚಿಕೆ ಆಯ್ತು. ಯಾಕೆಂದರೆ ಅಮ್ಮ ಹೇಳಿದ ಮಾತನ್ನು ಇದೇ ಮುಂಬಯಿಯಲ್ಲಿ, ಹೆಚ್ಚುಕಮ್ಮಿ ಅದೇ ಶಬ್ದಗಳಲ್ಲಿ, ನೂರ ಎಂಬತ್ತು ವರ್ಷದ ಹಿಂದೆ ಜನ ಕೋರ್ಟಿನ ಬಾಗಿಲಲ್ಲಿ ನಿಂತು ಹೇಳಿದ್ದಾರೆ. ಆಗ ಅದು ಬರೀ ಭ್ರಮೆ ಆಗಿರಲಿಲ್ಲ.

ಅದಕ್ಕೂ ಮೊದಲು ಒಂದು ವಿಷಯ. ಕ್ರಿಶ್ಚಿಯನ್ ಅಂದ ಕೂಡಲೇ 'ಬ್ರಿಟಿಷರು ತಂದದ್ದು' ಅನ್ನೋ ಅಭ್ಯಾಸ ನಮಗಿದೆ. ನೀವು ದಿನಾ ಹಾದುಹೋಗುವ ಸ್ಟೇಷನ್ನುಗಳೇ ಬೇರೆ ಕಥೆ ಹೇಳುತ್ತವೆ. ಕ್ರಿ.ಶ. 6ನೇ ಶತಮಾನದಲ್ಲಿ ಕಾಸ್ಮಾಸ್ ಎಂಬ ಅಲೆಕ್ಸಾಂಡ್ರಿಯಾದ ವ್ಯಾಪಾರಿ 'ಕಲ್ಲಿಯಾನ' ಎಂಬ ಬಂದರಿನಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಎಂದು ಬರೆದಿಟ್ಟಿದ್ದಾನೆ. ಅದು ನಮ್ಮ ಈ ಕಲ್ಯಾಣವೇ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಅಲ್ಲ, ಉಡುಪಿಯ ಹತ್ತಿರದ ಕಲ್ಯಾಣಪುರ ಎನ್ನುವವರೂ ಇದ್ದಾರೆ. ಎರಡರಲ್ಲಿ ಯಾವುದಾದರೂ ನಮ್ಮವರಿಗೆ ಲಾಭವೇ ಬಿಡಿ, ಒಂದು ಊರಿಂದ ಇನ್ನೊಂದು ಊರಿಗೆ ಬಂದವರಲ್ವಾ ನಾವು! ಇನ್ನು ಥಾಣೆಯಲ್ಲಿ 1321ರಲ್ಲೇ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳು ಕೊಲೆಯಾದರು. ವಾಸ್ಕೋ ಡ ಗಾಮ ಬರುವುದಕ್ಕೆ ಇನ್ನೂ ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇತ್ತು. ಆದರೆ ಇವರು ಯಾರೂ ಕಾಲೇಜು ತೆರೆಯಲಿಲ್ಲ. ಕಾಲೇಜಿನ ಕಥೆ ಶುರುವಾಗುವುದು ಗಿರ್ಗಾಂವ್‌ನಲ್ಲಿ.

ಜಾನ್ ವಿಲ್ಸನ್ ಎಂಬ ಸ್ಕಾಟ್ಲೆಂಡಿನ ಪಾದ್ರಿ 1829ರಲ್ಲಿ ಹೆಂಡತಿ ಮಾರ್ಗರೆಟ್ ಜೊತೆ ಮುಂಬಯಿಗೆ ಬಂದ. ಮಾರ್ಗರೆಟ್ ಹೆಣ್ಣುಮಕ್ಕಳಿಗೆ ಶಾಲೆ ತೆರೆದಳು. ವಿಲ್ಸನ್ 1832ರಲ್ಲಿ ಇಂಗ್ಲಿಷ್ ಶಾಲೆ ತೆರೆದ. ಚೌಪಾಟಿ ಎದುರಿಗೆ ಇವತ್ತು ಕಾಣುವ ವಿಲ್ಸನ್ ಕಾಲೇಜಿನ ಬೇರು ಅದು. (ಚೌಪಾಟಿಯ ಕಟ್ಟಡ 1889ರದು, ವಿಲ್ಸನ್ ತೀರಿಕೊಂಡು ಹದಿನಾಲ್ಕು ವರ್ಷ ಆದಮೇಲೆ.) ವಿಲ್ಸನ್ ಮರಾಠಿ, ಗುಜರಾತಿ, ಸಂಸ್ಕೃತ ಕಲಿತ, ಪಾರ್ಸಿಗಳ ಧರ್ಮಗ್ರಂಥಗಳನ್ನು ಓದಿದ. ಓದಿದ್ದು ಗೌರವದಿಂದ ಅಂತ ಹೇಳಕ್ಕಾಗಲ್ಲ. ವಾದದಲ್ಲಿ ಗೆಲ್ಲಲು ಓದಿದ. ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ.

ಪಾರ್ಸಿಗಳು, ಹಿಂದೂಗಳು ಅಲ್ಲಿಗೆ ಮಕ್ಕಳನ್ನು ಕಳಿಸಿದ್ದು ಯಾಕೆ? ನಾವು ಇವತ್ತು ಕಳಿಸುವ ಕಾರಣಕ್ಕೇ. ಇಂಗ್ಲಿಷ್ ಬಂದರೆ ಕೆಲಸ. ಬೈಬಲ್ ಪಾಠ ಇದ್ದರೆ ಇರಲಿ, ಮಗ ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಡ್ತಾನೆ ಅಂದುಕೊಂಡರು. 1839ರ ಮೇ ತಿಂಗಳಲ್ಲಿ ಧನಜೀಭಾಯಿ ನವರೋಜಿ ಎಂಬ ಹದಿನೇಳರ ಆಸುಪಾಸಿನ ಪಾರ್ಸಿ ಹುಡುಗ ದೀಕ್ಷಾಸ್ನಾನ ಪಡೆದ. ಸ್ವಲ್ಪ ದಿನದಲ್ಲೇ ಹೊರ್ಮಸ್‌ಜಿ ಪೆಸ್ತನ್‌ಜಿ. ಇಡೀ ಪಾರ್ಸಿ ಸಮಾಜ ಎದ್ದು ನಿಂತಿತು. ಹುಡುಗನನ್ನು ವಿಲ್ಸನ್ ಹಿಡಿದಿಟ್ಟುಕೊಂಡಿದ್ದಾನೆ ಎಂದು ಕೋರ್ಟಿಗೆ ಹೋದರು. ಹುಡುಗನಿಗೆ ತಿಳಿವಳಿಕೆಯ ವಯಸ್ಸಾಗಿದೆ, ತನಗೆ ಬೇಕಾದಲ್ಲಿಗೆ ಹೋಗಬಹುದು ಎಂದಿತು ಕೋರ್ಟು. ಅವನು ವಿಲ್ಸನ್ ಕಡೆ ನಡೆದ. ಶಾಲೆಯ ಬೆಂಚುಗಳು ಖಾಲಿಯಾದವು.

ನಾಲ್ಕು ವರ್ಷ ಬಿಟ್ಟು ಇನ್ನೊಂದು ಪ್ರಕರಣ. 1843. ಇದನ್ನು ನಾನು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕೆಂದರೆ ಇದು ನನ್ನ ತಲೆಯಿಂದ ಹೋಗ್ತಾ ಇಲ್ಲ. ನಾರಾಯಣ ಶೇಷಾದ್ರಿ ಎಂಬ ಬ್ರಾಹ್ಮಣ ತರುಣ ಇದೇ ಸ್ಕಾಟಿಷ್ ಮಿಷನ್ನಿನಲ್ಲಿ ಓದಿ ಕ್ರೈಸ್ತನಾದ. ಅವನು ದೊಡ್ಡವನು, ಅವನ ಇಷ್ಟ. ಮುಂದೆ ಜಾಲನಾ ಹತ್ತಿರ ಬೇಥೆಲ್ ಎಂಬ ಕ್ರೈಸ್ತ ಹಳ್ಳಿಯನ್ನೇ ಕಟ್ಟಿದ. ಆದರೆ ಅವನ ತಮ್ಮ ಶ್ರೀಪತ್, ಹನ್ನೆರಡರ ಆಸುಪಾಸಿನ ಹುಡುಗ, ಅಣ್ಣನ ಹಿಂದೆ ಮಿಷನ್ ಮನೆಗೆ ಹೋಗಿ ಅಲ್ಲೇ ಉಳಿದುಬಿಟ್ಟ. ಅಲ್ಲಿ ಊಟ ಮಾಡಿದ. ತಂದೆ ಕೋರ್ಟಿಗೆ ಹೋದ. ಇವನು ಇನ್ನೂ ಚಿಕ್ಕವನು, ತಂದೆಗೆ ಸೇರಬೇಕಾದವನು ಎಂದು ಕೋರ್ಟು ಹುಡುಗನನ್ನು ತಂದೆಗೆ ಒಪ್ಪಿಸಿತು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕ್ರೈಸ್ತರ ಮನೆಯಲ್ಲಿ ಉಂಡವನನ್ನು ಜಾತಿಗೆ ಸೇರಿಸಿಕೊಳ್ಳಬಹುದೋ ಬಾರದೋ ಅನ್ನುವ ಜಗಳ ಎದ್ದಿತು. ಮರಾಠಿಯ ಮೊದಲ ಪತ್ರಿಕೆ 'ದರ್ಪಣ'ವನ್ನು 1832ರಲ್ಲಿ ಶುರುಮಾಡಿದ ಬಾಳಶಾಸ್ತ್ರಿ ಜಾಂಭೇಕರ್ ಹುಡುಗನ ಪರ ನಿಂತರು. ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳಿ, ಮಗು ಅದು ಅಂದರು. ಸನಾತನಿಗಳು ಜಾಂಭೇಕರರ ಮೇಲೇ ಬಿದ್ದರು. ನೋಡಿ, ಮಿಷನರಿ ಮಗುವನ್ನು ಕಿತ್ತುಕೊಂಡ ಎಂದು ಕೂಗಿದ ಊರೇ, ವಾಪಸ್ ಬಂದ ಮಗುವಿಗೆ ಪಂಕ್ತಿಯಲ್ಲಿ ಎಲೆ ಹಾಕಲು ತಕರಾರು ತೆಗೆಯಿತು. ಅಮ್ಮ ಹೇಳಿದ 'ಮಗು ನಮ್ಮದಾಗಿ ಉಳಿಯಲ್ಲ' ಅನ್ನುವುದು ಆ ಹುಡುಗನ ವಿಷಯದಲ್ಲಿ ನಿಜವಾಗುವ ಹಂತಕ್ಕೆ ಬಂದದ್ದು ಎರಡೂ ಕಡೆಯವರಿಂದ.

ಇದು ಮುಂಬಯಿ ಕಥೆ ಮಾತ್ರ ಅಂದುಕೊಳ್ಳಬೇಡಿ. ಮತ್ಸ್ಯಗಂಧ ಹತ್ತಿ ಊರಿಗೆ ಹೋಗುವವರೇ, ನಿಮ್ಮ ಮಂಗಳೂರಿನಲ್ಲೂ ಅದೇ ಹೊತ್ತಿಗೆ ಇದೇ ನಡೆಯಿತು. ಬಾಸೆಲ್ ಮಿಷನ್ 1834ರಲ್ಲಿ ಅಲ್ಲಿಗೆ ಬಂತು, ನಾಲ್ಕು ವರ್ಷದಲ್ಲಿ ಇಂಗ್ಲಿಷ್ ಶಾಲೆ ತೆರೆಯಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹೆರ್ಮನ್ ಮೊಗ್ಲಿಂಗ್ ಗೊತ್ತಲ್ಲ? ಜುಲೈ 1ನ್ನು ನಾವು ಪತ್ರಿಕಾ ದಿನ ಅಂತ ಆಚರಿಸುವುದು ಅವನ ಪತ್ರಿಕೆಯಿಂದ. ಅದೇ ಮೊಗ್ಲಿಂಗನ ಬಳಗದಲ್ಲಿ 1844ರ ಜನವರಿಯಲ್ಲಿ ಮೂವರು ಸಾರಸ್ವತ ಯುವಕರು ಕ್ರೈಸ್ತರಾದರು. ಅವರಲ್ಲಿ ಆನಂದರಾವ್ ಕೌಂಡಿನ್ಯ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ ಓದಿ 1851ರಲ್ಲಿ ಪಾದ್ರಿಯಾಗಿ ಬಂದ. ಊರಲ್ಲಿ ಗಲಾಟೆ. ಪತ್ರಿಕೆಯ ವಿಷಯ ಬಂದಾಗ ಮೊಗ್ಲಿಂಗನಿಗೆ ಹಾರ ಹಾಕುತ್ತೇವೆ, ಈ ಪ್ರಕರಣ ಮರೆತುಬಿಡ್ತೇವೆ. ಇನ್ನು ಕೆಲವರು ಇದೊಂದನ್ನೇ ನೆನಪಿಟ್ಟುಕೊಂಡು ಪತ್ರಿಕೆಯನ್ನು ಮರೆಯುತ್ತಾರೆ. ನನಗೆ ಎರಡೂ ಬೇಕು.

ಹಾಗಾದರೆ ಅಮ್ಮನ ಭಯ ಸರಿ ತಾನೆ? 1844ರ ಮಟ್ಟಿಗೆ ಸರಿ. ಆಮೇಲೆ ಏನಾಯಿತು ಅನ್ನುವುದು ಮುಖ್ಯ.

ಒಂದು, ಸಮಾಜಗಳು ತಮ್ಮದೇ ಶಾಲೆ ಕಟ್ಟಿದವು. ಮುಂಬಯಿಯಲ್ಲಿ ಪಾರ್ಸಿ ಮಕ್ಕಳಿಗಾಗಿ ಜಮ್ಷೆಟ್‌ಜಿ ಜೀಜೀಭಾಯಿ ಹೆಸರಿನ ಸಂಸ್ಥೆ 1849ರಲ್ಲಿ ಬಂತು. ಮಂಗಳೂರಲ್ಲಿ 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಕೆನರಾ ಹೈಸ್ಕೂಲ್ ಶುರುಮಾಡಿದರು. ಹೌದು, 1906ರಲ್ಲಿ ಕೆನರಾ ಬ್ಯಾಂಕ್ ಸ್ಥಾಪಿಸಿದವರೇ. ಮಿಷನ್ ಶಾಲೆ ಇಲ್ಲದಿದ್ದರೆ ಈ ಹಠ ಅಷ್ಟು ಬೇಗ ಹುಟ್ಟುತ್ತಿತ್ತಾ ಅನ್ನುವುದು ನನ್ನ ಅನುಮಾನ.

ಇನ್ನೊಂದು ದುಡ್ಡಿನ ವಿಷಯ. 1854ರಲ್ಲಿ ಚಾರ್ಲ್ಸ್ ವುಡ್‌ನ ಶಿಕ್ಷಣ ಪತ್ರ ಬಂತು. ಯಾವ ಧರ್ಮದವರು ನಡೆಸಿದರೂ ಸರಿ, ಲೌಕಿಕ ಪಾಠ ಚೆನ್ನಾಗಿದ್ದರೆ ಸರ್ಕಾರ ಅನುದಾನ ಕೊಡುತ್ತೆ ಎಂಬ ನೀತಿ. 1857ರಲ್ಲಿ ಮುಂಬಯಿ, ಮದ್ರಾಸ್, ಕಲ್ಕತ್ತಾ ವಿಶ್ವವಿದ್ಯಾಲಯಗಳು ಬಂದವು. ಅಲ್ಲಿಂದ ಮುಂದೆ ಕಾಲೇಜಿನ ಮಾನ ನಿಂತದ್ದು ಎಷ್ಟು ಜನ ಬಿ.ಎ. ಪಾಸಾದರು ಎಂಬುದರ ಮೇಲೆ. ಬೈಬಲ್ ಪಾಠಕ್ಕೆ ಪರೀಕ್ಷೆಯಲ್ಲಿ ಮಾರ್ಕ್ಸ್ ಇಲ್ಲ. ಮಾರ್ಕ್ಸ್ ಇಲ್ಲದ ಪೀರಿಯಡ್‌ಗೆ ನಮ್ಮ ಹುಡುಗರು ಕೊಡುವ ಮರ್ಯಾದೆ ನಿಮಗೇ ಗೊತ್ತು, ಆಗಲೂ ಅಷ್ಟೇ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜನ್ನು ದಶಕಗಳ ಕಾಲ ನಡೆಸಿದ ವಿಲಿಯಂ ಮಿಲ್ಲರ್ ಕೊನೆಗೆ ಇದನ್ನೇ ತತ್ವ ಮಾಡಿಕೊಂಡರು: ಕಾಲೇಜಿನ ಕೆಲಸ ಮತಾಂತರ ಅಲ್ಲ, ಕ್ರೈಸ್ತ ಮೌಲ್ಯಗಳನ್ನು ಸಮಾಜದಲ್ಲಿ ಹರಡುವುದು. ಅವರ ಕಡೆಯ ಮಿಷನರಿಗಳೇ 'ಮತಾಂತರ ಇಲ್ಲ ಅಂದಮೇಲೆ ಇಷ್ಟು ಖರ್ಚು ಯಾಕೆ' ಎಂದು ಬೈದರು.

ಆ ಕಾಲೇಜಿನಿಂದ ಬಂದವರನ್ನು ನೋಡಿ. ಸರ್ವಪಲ್ಲಿ ರಾಧಾಕೃಷ್ಣನ್ ಅಲ್ಲಿ ಓದುವಾಗ ಹಿಂದೂ ಧರ್ಮದ ಬಗ್ಗೆ ಪಾದ್ರಿ ಪ್ರೊಫೆಸರುಗಳ ಟೀಕೆ ಕೇಳಿ ಕೇಳಿ ನೊಂದರು. ನೊಂದು ಮಾಡಿದ್ದೇನು? ವೇದಾಂತದ ನೀತಿಶಾಸ್ತ್ರದ ಮೇಲೆ ಎಂ.ಎ. ಪ್ರಬಂಧ ಬರೆದರು, 1908ರಲ್ಲಿ. ಅದನ್ನು ಮೆಚ್ಚಿದವರು ಹಾಗ್ ಎಂಬ ಅದೇ ಕಾಲೇಜಿನ ಕ್ರೈಸ್ತ ಪ್ರಾಧ್ಯಾಪಕ. ಹತ್ತು ವರ್ಷದ ಮೇಲೆ ರಾಧಾಕೃಷ್ಣನ್ ಮೈಸೂರಿನ ಮಹಾರಾಜಾ ಕಾಲೇಜಿಗೆ ಬಂದು ನಮ್ಮವರಿಗೆ ತತ್ವಶಾಸ್ತ್ರ ಕಲಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಅದೇ ಕಾಲೇಜಿನಲ್ಲಿ ಓದಿದವರು. ಪೈಗಳು ಕ್ರೈಸ್ತರಾಗಲಿಲ್ಲ, ಆದರೆ ಕ್ರಿಸ್ತನ ಕೊನೆಯ ದಿನದ ಮೇಲೆ 'ಗೊಲ್ಗೊಥಾ' ಬರೆದರು, ಬುದ್ಧನ ಮೇಲೆ 'ವೈಶಾಖಿ' ಬರೆದರು. ನಮ್ಮ ಮಹಾರಾಷ್ಟ್ರದಲ್ಲಿ ಜೋತಿಬಾ ಫುಲೆ ಪುಣೆಯ ಸ್ಕಾಟಿಷ್ ಮಿಷನ್ ಶಾಲೆಯಲ್ಲಿ ಓದಿದವರು. 1848ರಲ್ಲಿ ಸಾವಿತ್ರಿಬಾಯಿ ಜೊತೆ ಹೆಣ್ಣುಮಕ್ಕಳ ಶಾಲೆ ತೆರೆದರು. ಅವರೂ ಕ್ರೈಸ್ತರಾಗಲಿಲ್ಲ.

ಈಗ ನಮ್ಮ ಹುಡುಗಿ ಹೇಳಿದ ಕಾಲೇಜಿಗೆ ಬರೋಣ. ಸೇಂಟ್ ಕ್ಸೇವಿಯರ್ಸ್ ಶುರುವಾದದ್ದು 1869ರಲ್ಲಿ, ಜರ್ಮನ್ ಜೆಸ್ಯೂಟರಿಂದ. ಮೊದಲ ಮಹಾಯುದ್ಧ ಬಂದಾಗ ಜರ್ಮನರು ಶತ್ರುಗಳಾದರು, ಪಾದ್ರಿಗಳನ್ನೂ ಬಿಡದೆ ಬಂಧಿಸಿ ಕಳಿಸಿದರು. ಅವರ ಜಾಗ ತುಂಬಲು ಸ್ಪೇನಿನಿಂದ ಜೆಸ್ಯೂಟರು ಬಂದರು. 1922ರಲ್ಲಿ ಹೀಗೆ ಬಂದವರಲ್ಲಿ ಒಬ್ಬರು ಫಾದರ್ ಹೆನ್ರಿ ಹೆರಾಸ್. ಅವರ ಬಗ್ಗೆ ಒಂದು ಕಥೆ ಹೇಳುತ್ತಾರೆ. ಯಾವ ಇತಿಹಾಸ ಕಲಿಸ್ತೀರಿ ಅಂತ ಪ್ರಿನ್ಸಿಪಾಲರು ಕೇಳಿದರಂತೆ. ಭಾರತದ ಇತಿಹಾಸ ಅಂದರು. ನಿಮಗೆ ಅದೇನು ಗೊತ್ತು? ಏನೂ ಗೊತ್ತಿಲ್ಲ. ಮತ್ತೆ ಹೇಗೆ ಕಲಿಸ್ತೀರಿ? ಓದಿ ಕಲಿಸ್ತೀನಿ.

ಓದಿದರು. ಮತ್ತೆ ಅವರು ಹಿಡಿದ ವಿಷಯ ಯಾವುದು ಗೊತ್ತಾ? ವಿಜಯನಗರ. 1927ರಲ್ಲಿ ಅರವೀಡು ವಂಶದ ಮೇಲೆ ದೊಡ್ಡ ಪುಸ್ತಕ, 1929ರಲ್ಲಿ ವಿಜಯನಗರದ ಆರಂಭದ ಮೇಲೆ ಇನ್ನೊಂದು. 1926ರಲ್ಲಿ ಕಾಲೇಜಿನೊಳಗೇ ಇತಿಹಾಸ ಸಂಶೋಧನಾ ಸಂಸ್ಥೆ ಸ್ಥಾಪಿಸಿದರು. ಇವತ್ತು ಅದಕ್ಕೆ ಅವರದೇ ಹೆಸರು, ಹೆರಾಸ್ ಇನ್‌ಸ್ಟಿಟ್ಯೂಟ್. ಅವರ ಶಿಷ್ಯ ಜಾರ್ಜ್ ಮೊರಾಯಿಸ್ 1931ರಲ್ಲಿ 'ಕದಂಬ ಕುಲ' ಬರೆದರು. ಬನವಾಸಿಯ ಕದಂಬರು, ನಮ್ಮ ಮೊದಲ ರಾಜವಂಶ! ಅವರ ಮೇಲೆ ಇಷ್ಟು ದೊಡ್ಡ ಪುಸ್ತಕ ಸಿಎಸ್‌ಟಿ ಸ್ಟೇಷನ್ನಿನಿಂದ ನಡೆದುಹೋಗುವಷ್ಟು ಹತ್ತಿರದ ಒಂದು ಕ್ರಿಶ್ಚಿಯನ್ ಕಾಲೇಜಿನಲ್ಲಿ ಹುಟ್ಟಿತು. ಧಾರವಾಡದಲ್ಲಿ ಓದಿದ ನನಗೆ ಇದು ನಲವತ್ತು ದಾಟುವವರೆಗೂ ಗೊತ್ತಿರಲಿಲ್ಲ. ಕಿಟೆಲ್ ಗೊತ್ತಿತ್ತು, ಹೆರಾಸ್ ಗೊತ್ತಿರಲಿಲ್ಲ.

ಭಾವನ ಕಡೆಗೂ ಒಂದು ಮಾತು ಹೇಳಬೇಕು. 'ಕ್ರಿಶ್ಚಿಯನ್ ಕಾಲೇಜು ಅಂದ್ರೆ ಡಿಸಿಪ್ಲಿನ್' ಅನ್ನುವುದು ಅಮ್ಮನ ಭಯದಷ್ಟೇ ಹಳೆಯ ಮೂಢನಂಬಿಕೆ. ಕ್ರಿಶ್ಚಿಯನ್ ಕಾಲೇಜು ಅನ್ನುವ ಒಂದೇ ಜಾತಿಯ ವಸ್ತು ಇಲ್ಲ. ವಿಲ್ಸನ್ ಪ್ರಾಟೆಸ್ಟೆಂಟರದು. ಕ್ಸೇವಿಯರ್ಸ್ ಜೆಸ್ಯೂಟರದು, 1880ರಲ್ಲಿ ಶುರುವಾದ ಮಂಗಳೂರಿನ ಅಲೋಶಿಯಸ್ ಹಾಗೆ. 1940ರ ಸೋಫಿಯಾ ಮತ್ತು ಮಂಗಳೂರಿನ 1921ರ ಸೇಂಟ್ ಆಗ್ನೆಸ್ ಎರಡೂ ಸನ್ಯಾಸಿನಿಯರು ಹೆಣ್ಣುಮಕ್ಕಳಿಗಾಗಿ ಕಟ್ಟಿದ್ದು, ಅದರಲ್ಲೂ ಇಬ್ಬರದು ಬೇರೆ ಬೇರೆ ಸಂಘ. ವಾಶಿಯ ಫಾದರ್ ಆಗ್ನೆಲ್ ಸಂಸ್ಥೆಗಳ ಹಿಂದೆ ಯುರೋಪಿನ ಮಿಷನರಿ ಯಾರೂ ಇಲ್ಲ, ಅದು ಗೋವಾದ ಪಿಲಾರ್ ಪಾದ್ರಿಗಳದು. ಅಲ್ಲಿನ ಎಂಜಿನಿಯರಿಂಗ್ ಕಾಲೇಜು 1994ರದು, ಅಂದರೆ ನಮ್ಮಲ್ಲಿ ಹಲವರಿಗಿಂತ ಚಿಕ್ಕದು! ಬೆಂಗಳೂರಿನ ಕ್ರೈಸ್ಟ್ 1969ರದು, ಕೇರಳ ಮೂಲದ ಸಂಘದ್ದು. ಅನುದಾನದ ಕೋರ್ಸಿಗೆ ಒಂದು ಫೀಸು, ಅದೇ ಕಟ್ಟಡದಲ್ಲಿ ಅನುದಾನವಿಲ್ಲದ ಕೋರ್ಸಿಗೆ ಇನ್ನೊಂದು ಫೀಸು. ಬೋರ್ಡಿನ ಮೇಲಿನ 'ಸೇಂಟ್' ಅನ್ನುವ ಶಬ್ದ ನೋಡಿ ಅರ್ಜಿ ಹಾಕಿದರೆ ಕಷ್ಟ.

ಅಮ್ಮನಿಗೆ ನಾನು ಓದಿ ಹೇಳಿದ್ದು ಸಂವಿಧಾನದ 28ನೇ ವಿಧಿಯ ಮೂರನೇ ಭಾಗ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಯಾವ ಶಿಕ್ಷಣ ಸಂಸ್ಥೆಯಲ್ಲೂ ವಿದ್ಯಾರ್ಥಿಯ ಒಪ್ಪಿಗೆ ಇಲ್ಲದೆ ಧಾರ್ಮಿಕ ಪಾಠಕ್ಕೋ ಪ್ರಾರ್ಥನೆಗೋ ಕೂರಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತ ವಯಸ್ಸಿನವನಾದರೆ ಪೋಷಕರ ಒಪ್ಪಿಗೆ ಬೇಕು. ಶ್ರೀಪತ್‌ನ ತಂದೆ ಕೋರ್ಟಿಗೆ ಅಲೆದು ಪಡೆದದ್ದು ಈಗ ಒಂದು ಸಾಲಿನಲ್ಲಿದೆ.

ಅದರ ಪಕ್ಕದಲ್ಲೇ 30ನೇ ವಿಧಿ ಇದೆ: ಧರ್ಮದಿಂದಾಗಲೀ ಭಾಷೆಯಿಂದಾಗಲೀ ಅಲ್ಪಸಂಖ್ಯಾತರಾದವರು ತಮ್ಮ ಶಿಕ್ಷಣ ಸಂಸ್ಥೆ ಕಟ್ಟಿ ನಡೆಸಬಹುದು. 'ಅವರಿಗೆ ಅರ್ಧ ಸೀಟು ಮೀಸಲು ಯಾಕೆ' ಅಂತ ಭಾವ ಗೊಣಗಿದರು. ಮಹಾರಾಷ್ಟ್ರದ ಹನ್ನೊಂದನೇ ಕ್ಲಾಸಿನ ಪ್ರವೇಶದಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಆ ಅವಕಾಶ ಇದೆ, ತುಂಬದ ಸೀಟು ಸಾಮಾನ್ಯ ಸುತ್ತಿಗೆ ಬರುತ್ತೆ. ಆದರೆ ಭಾವ ಮರೆತದ್ದು ಒಂದು. 2002ರಲ್ಲಿ ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠ ಹೇಳಿತು: ಅಲ್ಪಸಂಖ್ಯಾತರು ಯಾರು ಎನ್ನುವುದನ್ನು ರಾಜ್ಯದ ಲೆಕ್ಕದಲ್ಲಿ ನೋಡಬೇಕು. ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಮಲಗಿದಾಗ ಬಹುಸಂಖ್ಯಾತರಾಗಿದ್ದ ನಾವು ಕಲ್ಯಾಣದಲ್ಲಿ ಇಳಿಯುವಾಗ ಅಲ್ಪಸಂಖ್ಯಾತರು. ಡೊಂಬಿವಲಿಯಲ್ಲಿ ಕರ್ನಾಟಕ ಸಂಘದ ಮಂಜುನಾಥ ಶಾಲೆ, ಕಾಲೇಜು ಇವೆಯಲ್ಲ, ಪಾದ್ರಿಗಳು ಕ್ಸೇವಿಯರ್ಸ್ ನಡೆಸುವುದೂ ನಾವು ಕನ್ನಡದವರು ಇಲ್ಲಿ ಶಾಲೆ ಕಟ್ಟಿಕೊಳ್ಳುವುದೂ ಸಂವಿಧಾನದ ಒಂದೇ ಸೂರಿನ ಕೆಳಗೆ. ಭಾವ ಸುಮ್ಮನಾದರು. ಒಪ್ಪಿದರು ಅಂತ ಹೇಳಲ್ಲ, ಸುಮ್ಮನಾದರು.

ಇಷ್ಟೆಲ್ಲ ಭಾಷಣ ಮಾಡಿ ಕೂತಾಗ ಹುಡುಗಿ ಕೇಳಿದಳು, 'ಮಾಮ, ಆ ಶ್ರೀಪತ್ ಹುಡುಗನಿಗೆ ಏನು ಬೇಕಾಗಿತ್ತು?'

ಉತ್ತರ ನನ್ನ ಹತ್ತಿರ ಇರಲಿಲ್ಲ. ಅಣ್ಣ ಬೇಕಾಗಿತ್ತೇನೋ ಅಂದೆ. ಕೋರ್ಟು ವಯಸ್ಸು ನೋಡಿತು, ಪಾದ್ರಿಗಳು ಆತ್ಮ ನೋಡಿದರು, ಶಾಸ್ತ್ರಿಗಳು ಊಟ ನೋಡಿದರು. ನಾವೂ ಎರಡು ಗಂಟೆಯಿಂದ ಆ ಹುಡುಗಿಯನ್ನು ಮಧ್ಯದಲ್ಲಿ ಕೂರಿಸಿಕೊಂಡು ಡಿಸಿಪ್ಲಿನ್ನು, ಧರ್ಮ, ಮೀಸಲಾತಿ ಅಂತ ಮಾತಾಡಿದ್ದೆವು. ಇತಿಹಾಸ ಯಾಕೆ ಓದಬೇಕು ಅಂತ ಅವಳನ್ನು ಯಾರೂ ಕೇಳಿರಲಿಲ್ಲ. ಕೇಳಿದೆ. ರಜೆಯಲ್ಲಿ ಬಾದಾಮಿಗೆ ಹೋಗಿದ್ದಾಗ ಗುಹೆಯ ಗೋಡೆ ಮೇಲಿನ ಅಕ್ಷರ ತನಗೆ ಓದಕ್ಕೆ ಬರಲಿಲ್ಲ, ಅದು ಕನ್ನಡವೇ ಅಂತ ಗೈಡ್ ಹೇಳಿದ, ಕನ್ನಡವೇ ಆದ್ರೆ ನಂಗ್ಯಾಕೆ ಬರ್ಲಿಲ್ಲ ಅಂತ ಅವತ್ತಿಂದ ತಲೆಯಲ್ಲಿದೆ ಅಂದಳು.

ಮಾರನೇ ದಿನ ಫಾರ್ಮ್ ತುಂಬಿದೆವು. ಮೊದಲ ಆದ್ಯತೆ ಕ್ಸೇವಿಯರ್ಸ್ ಆರ್ಟ್ಸ್. ಎರಡನೆಯದು ವಿಲ್ಸನ್. ಮೂರನೆಯದಕ್ಕೆ ಡೊಂಬಿವಲಿಯದೇ ಒಂದು ಕಾಲೇಜು ಹಾಕಿದಳು, ಸೀಟು ಸಿಗದಿದ್ದರೆ ಮನೆ ಹತ್ತಿರವಾದರೂ ಇರಲಿ ಅಂತ.

ಅಮ್ಮ ರಾತ್ರಿ ಪಾತ್ರೆ ಒರೆಸುತ್ತಾ ತಾನೇ ಹೇಳಿದಳು. ಅವಳು ಐದನೇ ಕ್ಲಾಸಿನವರೆಗೆ ಓದಿದ್ದೂ ಸಿಸ್ಟರುಗಳ ಶಾಲೆಯಲ್ಲೇ ಅಂತೆ. ನನಗೆ ಇಷ್ಟು ವರ್ಷ ಹೇಳಿರಲೇ ಇಲ್ಲ! ಬೆಳಿಗ್ಗೆ ಹೇಳಿಸುತ್ತಿದ್ದ ಪ್ರಾರ್ಥನೆ ಈಗಲೂ ಬಾಯಿಗೆ ಬರುತ್ತೆ ಅಂತೆ. ಅವಳು ಏಕಾದಶಿ ತಪ್ಪಿಸಿದ್ದನ್ನು ನಾನಂತೂ ನೋಡಿಲ್ಲ. 'ಮತ್ತೆ ಯಾಕಮ್ಮ ಅಷ್ಟು ಹೆದರಿದೆ?' ಅಂದೆ.

'ಅದು ಬಿಡು' ಅಂದಳು. 'ಬೆಳಿಗ್ಗೆ ಡೊಂಬಿವಲಿ ಫಾಸ್ಟ್‌ನಲ್ಲಿ ಲೇಡೀಸ್ ಡಬ್ಬಿ ಹತ್ತಕ್ಕಾಗುತ್ತಾ ಈ ಕೂಸಿಗೆ? ಅದು ಹೇಳು.'